ನಮ್ಮ ಹುಡುಗರಿಗೆ ಒಂದು ಒಳ್ಳೆ ಶೂ ಬೇಕು



ಈ ಸಲ ಭಾಷಣ ಇಲ್ಲ, ಸಭೆಯ ವರದಿಯೂ ಇಲ್ಲ. ಶೂ ಬಗ್ಗೆ ಬರೀತಿದ್ದೇನೆ. ಹೌದು, ಕಾಲಿಗೆ ಹಾಕೋ ಶೂ. ಹೋರಾಟ ಬಿಟ್ಟು ಇವನಿಗೆಂತ ಆಯ್ತು ಮಾರಾಯ ಅಂತ ನಗೋರು ಪೂರ್ತಿ ಓದಿ, ಆಮೇಲೆ ನಗಿ.

ನನ್ನ ಅಕ್ಕನ ಮಗನಿಗೆ ಹೋದ ಮೇ ತಿಂಗಳಲ್ಲಿ ಕೆಲಸ ಸಿಕ್ತು. ಬಿಕಾಂ ಮುಗಿಸಿ ಒಂದೂವರೆ ವರ್ಷ ಹೊಳನಗದ್ದೆಯ ಮನೆಯಲ್ಲಿ ಕೂತಿದ್ದ. ಕೂತಿದ್ದ ಅಂದ್ರೆ ಸುಮ್ನೆ ಕೂತಿರಲಿಲ್ಲ. ಶಾಮಿಯಾನ ಹಾಕೋಕೆ ಹೋದ, ಚಿರೇಕಲ್ಲು ಲೋಡಿಂಗ್‌ಗೆ ಹೋದ, ನನ್ನ ಜೊತೆ ತಾಲೂಕು ಕಚೇರಿ ಎದುರು ಧರಣಿಗೂ ಕೂತ. ಈಗ ಒಂದು ಖಾಸಗಿ ಬ್ಯಾಂಕಿನ ಶಾಖೆಯಲ್ಲಿ ಕೆಲಸ. ಅರ್ಧ ದಿನ ಕೌಂಟರ್ ಹತ್ರ, ಅರ್ಧ ದಿನ ಊರೂರು ತಿರುಗಿ ಖಾತೆ ಮಾಡಿಸೋದು. ಕೈಗೆ ಬರೋದು ತಿಂಗಳಿಗೆ 15,400 ರೂಪಾಯಿ. ನಮ್ಮ ಮನೆತನದಲ್ಲಿ ಟೈ ಕಟ್ಟಿ ಕೆಲಸಕ್ಕೆ ಹೋದ ಮೊದಲನೆಯವನು ಅವನೇ. ನಾನು ಸರ್ಕಾರಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಚಪ್ಪಲಿ ಹಾಕ್ಕೊಂಡೇ ಕಚೇರಿಗೆ ಹೋಗ್ತಿದ್ದೇನೆ, ಯಾರೂ ಕೇಳಿಲ್ಲ.

ಅವನ ನೇಮಕಾತಿ ಪತ್ರದಲ್ಲಿ ಒಂದು ಸಾಲಿತ್ತು. ತಿಳಿ ಬಣ್ಣದ ಶರ್ಟು, ಗಾಢ ಬಣ್ಣದ ಪ್ಯಾಂಟು, ಕಪ್ಪು ಲೆದರ್ ಶೂ ಕಡ್ಡಾಯ. ಶರ್ಟು ಪ್ಯಾಂಟು ಹೇಗೋ ಆಯ್ತು. ಶೂಗೆ ದುಡ್ಡು ಉಳಿದಿರಲಿಲ್ಲ. ರಸ್ತೆ ಬದಿ ರಾಶಿ ಹಾಕಿ ಮಾರ್ತಾರಲ್ಲ, ಅಲ್ಲಿ 650 ರೂಪಾಯಿಗೆ ಒಂದು ಜೋಡಿ ತಂದ. ಫಳಫಳ ಹೊಳೀತಿತ್ತು. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಹಚ್ಚೋದೊಂದು ಬಾಕಿ.

ಹತ್ತೊಂಬತ್ತನೇ ದಿನ ಬಾಯಿ ಬಿಡ್ತು. ಜೂನ್ ಮಳೆ ಗೊತ್ತಲ್ಲ ನಮ್ಮ ಕಡೆಯದ್ದು. ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ನೀರಲ್ಲಿ ಕಾಲಿಟ್ಟಿದ್ದಾನೆ, ಬಲಗಾಲಿನ ಅಟ್ಟೆ ಮುಂದಿನಿಂದ ಅರ್ಧ ಬಿಚ್ಚಿಕೊಂಡು ಪಟಪಟ ಬಡಿಯೋಕೆ ಶುರು. ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕಚೇರಿಗೆ ಹೋದ. ಮೇಲಿನವರು ನೋಡಿ, "ಗ್ರಾಹಕರ ಎದುರು ಹೀಗೆ ನಿಲ್ಲಬೇಡ, ಮನೆಗೆ ಹೋಗಿ ಸರಿಯಾಗಿ ಬಾ" ಅಂದ್ರು. ಅರ್ಧ ದಿನದ ಸಂಬಳ ಕಟ್. ಲೆಕ್ಕ ಹಾಕಿದ್ರೆ ಸುಮಾರು 250 ರೂಪಾಯಿ. ಅಂದ್ರೆ 650ರ ಶೂಗೆ ಹತ್ತೊಂಬತ್ತು ದಿನಕ್ಕೆ 900 ರೂಪಾಯಿ ಬಿತ್ತು.

ರಾತ್ರಿ ನನ್ನ ಮನೆಗೆ ಬಂದ. ಜಗಲಿಯಲ್ಲಿ ಕೂತು ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮಾವ, ಯಾವ ಶೂ ತಗೊಳ್ಳಲಿ?" ಅಂದ.

ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಮೀಸಲಾತಿ ಬಗ್ಗೆ ಕೇಳಿದ್ರೆ ಎರಡು ಗಂಟೆ ಮಾತಾಡ್ತೇನೆ. ಶೂ ಬಗ್ಗೆ ಎರಡು ವಾಕ್ಯ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಅಂತ ಯೋಚಿಸ್ತಾ ಹೋದೆ.

ನನ್ನ ಅಪ್ಪ ಅಘನಾಶಿನಿ ಗಜನಿಯಲ್ಲಿ ಕಗ್ಗದ ಗದ್ದೆ ಕೆಲಸ ಮಾಡಿದವ. ಕೆಸರಿಗೆ ಚಪ್ಪಲಿ ಯಾಕೆ ಅನ್ನಬಹುದು ನೀವು. ಆದ್ರೆ ಅಪ್ಪನ ಹತ್ರ ಒಂದು ಜೋಡಿ ಟಯರ್ ಚಪ್ಪಲಿ ಇತ್ತು. ಕುಮಟೆ ಪೇಟೆಗೆ ಹೋಗುವಾಗ ಹಾಕ್ತಿದ್ದ. ಒಡೆದಿರ ಮನೆ ಅಂಗಳದ ಹತ್ರ ಬಂದ ಕೂಡ್ಲೆ ತೆಗೆದು ಕಂಕುಳಲ್ಲಿ ಇಟ್ಕೊಳ್ತಿದ್ದ. ಅಂಗಳ ದಾಟಿ, ತೆಂಗಿನ ತೋಟದ ಬೇಲಿ ಮುಗಿದ ಮೇಲೆ ಮತ್ತೆ ಹಾಕ್ತಿದ್ದ. ನನಗಾಗ ಏಳೆಂಟು ವರ್ಷ. ಬಿಸಿಲಿಗೆ ಚಪ್ಪಲಿ ಹಾಳಾಗ್ತದೆ ಅಂತ ತೆಗೀತಾನೆ ಅಂದ್ಕೊಂಡಿದ್ದೆ. ಯಾರೂ ನಮಗೆ ಹೇಳಿ ಕೊಡಲಿಲ್ಲ, ಅಪ್ಪನೂ ವಿವರಿಸಲಿಲ್ಲ. ಕೈ ತಾನಾಗೇ ಕಾಲಿಗೆ ಹೋಗ್ತಿತ್ತು.

ಇದು ಹಳೇ ಕಥೆ, ಈಗ ಯಾರು ಹಾಗೆ ಮಾಡ್ತಾರೆ ಅನ್ನೋರಿಗೆ ಒಂದು ಮಾತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಅದಕ್ಕೆ 2015ರಲ್ಲಿ ತಿದ್ದುಪಡಿ ಆಯ್ತು, 2016ರ ಜನವರಿ 26ರಿಂದ ಜಾರಿಗೆ ಬಂತು. ಆ ತಿದ್ದುಪಡಿಯಲ್ಲಿ ಹೊಸದಾಗಿ ಸೇರಿಸಿದ ಅಪರಾಧಗಳ ಪಟ್ಟಿ ತೆಗೆದು ನೋಡಿ. ಸಾರ್ವಜನಿಕ ಜಾಗದಲ್ಲಿ ಸೈಕಲ್, ಬೈಕ್ ಓಡಿಸದಂತೆ ತಡೆಯೋದು, ಮದುವೆ ದಿಬ್ಬಣ ತಡೆಯೋದು, ಹೊಸ ಬಟ್ಟೆ ಹಾಕದಂತೆ, ಪಾದರಕ್ಷೆ ಹಾಕದಂತೆ ತಡೆಯೋದು. ಸ್ವಾತಂತ್ರ್ಯ ಬಂದು ಸುಮಾರು ಎಪ್ಪತ್ತು ವರ್ಷ ಆದ ಮೇಲೆ ದೇಶದ ಸಂಸತ್ತು ಕೂತು, "ದಲಿತ ಚಪ್ಪಲಿ ಹಾಕಿದ್ರೆ ತಡೆಯಬೇಡಿ" ಅಂತ ಕಾನೂನು ಬರೀಬೇಕಾಯ್ತು. ನಡೆಯದ ವಿಷಯಕ್ಕೆ ಯಾರೂ ಕಾನೂನು ಮಾಡೋದಿಲ್ಲ.

ಈ ಹುಡುಗ ಮೊದಲ ಸಲ ಶೂ ಹಾಕಿದ್ದು ಯಾವಾಗ ಗೊತ್ತಾ? ಸರ್ಕಾರಿ ಶಾಲೆಯಲ್ಲಿ, ಶೂ ಭಾಗ್ಯ ಬಂದಾಗ. ಒಂದು ಜೋಡಿ ಕಪ್ಪು ಶೂ, ಎರಡು ಜೋಡಿ ಸಾಕ್ಸ್. ಆ ಯೋಜನೆಯನ್ನು ಎಷ್ಟೋ ಜನ ಗೇಲಿ ಮಾಡಿದ್ರು. ಗೇಲಿ ಮಾಡಿದವರ ಮಕ್ಕಳು ಕಾನ್ವೆಂಟಿಗೆ ಶೂ ಹಾಕ್ಕೊಂಡೇ ಹೋಗ್ತಿದ್ರು. ಅಳಿಯ ಆ ದಿನ ಶೂ ಬಿಚ್ಚದೆ ಮಲಗಿದ್ದ ಅಂತ ಅಕ್ಕ ಈಗಲೂ ಹೇಳಿ ನಗ್ತಾಳೆ. ಅಪ್ಪನ ಚಪ್ಪಲಿ ಕಂಕುಳಲ್ಲಿ, ಮೊಮ್ಮಗನ ಶೂ ಹಾಸಿಗೆಯಲ್ಲಿ.

ನಮ್ಮದೇ ಗೆಳೆಯರೊಬ್ಬರ ಹತ್ರ ಈ ವಿಷಯ ಹೇಳಿದಾಗ, "ಎಂತಕ್ಕೆ ಈ ಸೂಟು ಬೂಟಿನ ಹುಚ್ಚು? ಸರಳವಾಗಿ ಇರೋದು ಕಲಿಸಿ ಹುಡುಗರಿಗೆ" ಅಂದ್ರು. ಅವರ ಮೇಲೆ ನನಗೆ ಗೌರವ ಇದೆ, ಆದ್ರೆ ಈ ಮಾತು ನಾನು ಒಪ್ಪೋದಿಲ್ಲ. ಗಾಂಧೀಜಿ ಕೋಟು ಬಿಚ್ಚಿದ್ರು, ಬಾಬಾಸಾಹೇಬರು ಕೋಟು ಹಾಕಿದ್ರು. ದಕ್ಷಿಣ ಆಫ್ರಿಕಾದ ಜೈಲಿನಲ್ಲಿದ್ದಾಗ ಗಾಂಧೀಜಿ ಚಪ್ಪಲಿ ಹೊಲಿದು, ತನ್ನನ್ನು ಜೈಲಿಗೆ ಹಾಕಿದ ಸ್ಮಟ್ಸ್‌ಗೇ ಉಡುಗೊರೆ ಕೊಟ್ರು. ಅದು ದೊಡ್ಡ ಗುಣವೇ. ಆದ್ರೆ ಚಪ್ಪಲಿ ಹೊಲಿಯೋದು ಅವರಿಗೆ ಆಯ್ಕೆ ಆಗಿತ್ತು. ನಮ್ಮವರಿಗೆ ಅದು ಆಯ್ಕೆ ಆಗಿರಲಿಲ್ಲ. ಇದ್ದವನು ಬಿಟ್ರೆ ತ್ಯಾಗ. ಇಲ್ಲದವನಿಗೆ ಬಿಡು ಅಂದ್ರೆ ಅದು ಹಳೇ ಅಪ್ಪಣೆಯೇ, ಬೇರೆ ಧ್ವನಿಯಲ್ಲಿ ಅಷ್ಟೇ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ, ಜಾತಿ ಗುರುತು ಹೇಳೋ ರೀತಿಯಲ್ಲಿ ಸೀರೆ ಉಡಬೇಡಿ, ಮೇಲ್ಜಾತಿಯವರು ಉಡೋ ಹಾಗೇ ಉಡಿ ಅಂದ್ರು. ಅದು ಶೋಕಿಯ ಮಾತಲ್ಲ. ಉಡುಪು ನೋಡಿ ಜಾತಿ ಅಳೆಯೋ ಸಮಾಜದಲ್ಲಿ ಉಡುಪು ಬದಲಿಸೋದು ರಾಜಕೀಯವೇ.

ಹಾಗಾಗಿ ಅಳಿಯನಿಗೆ ಹೇಳಿದೆ: "ಶೂ ತಗೊಳ್ವ. ಒಳ್ಳೇದೇ ತಗೊಳ್ವ. ಆದ್ರೆ ಕಲಿತು ತಗೊಳ್ವ."

ಮೊದಲು ಕುಮಟಾ ಪೇಟೆಯ ಒಂದು ಅಂಗಡಿಗೆ ಹೋದ್ವಿ. ಅಂಗಡಿಯವನು ನನ್ನ ಚಪ್ಪಲಿ ನೋಡಿದ, ಅಳಿಯನ ಕಾಲು ನೋಡಿದ, ಅಳತೆ ಕೇಳದೇ ಕೆಳಗಿನ ಹಲಗೆಯಿಂದ ಒಂದು ತೆಗೆದು, "ಇದು ಸಾಕು ನಿಮಗೆ" ಅಂದ. ಜಾತಿ ನೋಡಿದನೋ, ಬಡತನ ನೋಡಿದನೋ ಗೊತ್ತಿಲ್ಲ. ನಮ್ಮ ಮಟ್ಟಿಗೆ ಎರಡೂ ಒಂದೇ ಹಲಗೆಯಲ್ಲಿ ಇರ್ತವೆ. ಅಲ್ಲಿಂದ ಎದ್ದು ಬಂದ್ವಿ.

ಬಸ್‌ಸ್ಟ್ಯಾಂಡ್ ಕಡೆ ಒಬ್ಬರು ಅಣ್ಣ ಕೊಡೆ ಬಿಚ್ಚಿಟ್ಟು ಚಪ್ಪಲಿ ಹೊಲೀತಾ ಕೂರ್ತಾರೆ. ಬಯಲುಸೀಮೆ ಕಡೆಯವರು. ಹದಿನೈದು ವರ್ಷದಿಂದ ನೋಡ್ತಿದ್ದೇನೆ, ಕೊಡೆ ರಿಪೇರಿ ಬಿಟ್ರೆ ಬೇರೆ ಮಾತಾಡಿಸಿರಲಿಲ್ಲ. "ಅವರ ಹತ್ರ ಕೇಳ್ವ" ಅಂದೆ. ಅಳಿಯ ಹಿಂದೆ ನಿಂತ. "ಮಾವ, ಇಲ್ಲಿ ಕೂತ್ರೆ ಯಾರಾದ್ರೂ ನೋಡ್ತಾರೆ" ಅಂದ. ಬ್ಯಾಂಕಿನವರು ನೋಡ್ತಾರೆ ಅಂತ ಇರಬೇಕು ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಅವನು ಹೆದರಿದ್ದು ನಮ್ಮದೇ ಕೇರಿಯವರು ನೋಡ್ತಾರೆ ಅಂತ.

ಇಲ್ಲಿ ನಿಜ ಹೇಳಬೇಕು. ನಮ್ಮದು ಮುಕ್ರಿ ಸಮುದಾಯ. ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ನಾವೂ ಇದ್ದೇವೆ, ಸಮಗಾರರೂ ಇದ್ದಾರೆ. ನನ್ನ ಅಬ್ಬೆ ನಾನು ಸಣ್ಣವನಿದ್ದಾಗ, "ಅಟ್ಟೆ ಹೊಲಿಯೋರ ಹತ್ರ ನೀರು ಕುಡೀಬೇಡ" ಅಂದಿದ್ದಳು. ಒಡೆದಿರ ಮನೆಯಲ್ಲಿ ತೆಂಗಿನ ಗೆರಟೆಯಲ್ಲಿ ಚಾ ಕುಡಿದವಳು ಹೇಳಿದ ಮಾತು ಇದು. ಶ್ರೇಣೀಕೃತ ಅಸಮಾನತೆ ಅಂತ ಬಾಬಾಸಾಹೇಬರು ಹೇಳಿದ್ದನ್ನ ನಾನು ಎಷ್ಟು ವೇದಿಕೆಯಲ್ಲಿ ವಿವರಿಸಿದ್ದೇನೆ! ಮೇಲಿನವನು ತುಳಿದ್ರೂ ಪರವಾಗಿಲ್ಲ, ತುಳಿಯೋಕೆ ಕೆಳಗೊಬ್ಬ ಇದ್ರೆ ಸಾಕು ಅನ್ನೋ ರೋಗ. ವೇದಿಕೆಯಲ್ಲಿ ಅದು ಬೇರೆಯವರ ರೋಗ. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಅಳಿಯನ ಕಾಲು ಹಿಂದೆ ಸರಿದಾಗ ಅದು ನಮ್ಮ ಮನೆಯಲ್ಲೇ ಇದೆ ಅಂತ ಕಂಡಿತು.

ಕೈ ಹಿಡಿದು ಕೂರಿಸಿದೆ. ಆ ಅಣ್ಣ ಬಾಯಿ ಬಿಟ್ಟ ಶೂ ತಿರುಗಿಸಿ ನೋಡಿ ಅರ್ಧ ಗಂಟೆ ಪಾಠ ಮಾಡಿದ್ರು. ಅವರು ಹೇಳಿದ್ದು, ನಾನು ಆಮೇಲೆ ಓದಿ ತಿಳಿದದ್ದು, ಅಳಿಯ ಒಂದು ಮಳೆಗಾಲ ಹಾಕಿ ಕಲಿತದ್ದು, ಮೂರೂ ಸೇರಿಸಿ ಇಲ್ಲಿ ಬರೀತೇನೆ. ಮೊದಲ ಕೆಲಸಕ್ಕೆ ಹೋಗೋ ನಿಮ್ಮ ಮನೆ ಹುಡುಗನಿಗೆ ತೋರಿಸಿ.

1. ಹೊಳಪು ನೋಡಿ ಮರುಳಾಗಬೇಡಿ. ಕಡಿಮೆ ಬೆಲೆಯ ಕನ್ನಡಿಯಂಥ ಶೂ ಬಹುಪಾಲು ರೆಗ್ಸಿನ್. ಬಟ್ಟೆ ಮೇಲೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು. ಬೆರಳು ಮಡಚೋ ಜಾಗದಲ್ಲಿ ಕೆಲವು ತಿಂಗಳಲ್ಲಿ ಸಿಪ್ಪೆ ಏಳ್ತದೆ, ಎದ್ದ ಮೇಲೆ ಯಾವ ಪಾಲಿಶೂ ಮುಚ್ಚೋದಿಲ್ಲ. ನಿಜವಾದ ಚರ್ಮವನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ಸಣ್ಣ ಸಣ್ಣ ಸುಕ್ಕು ಮೂಡಿ ಮತ್ತೆ ಹೋಗ್ತದೆ. ಕತ್ತರಿಸಿದ ಅಂಚು, ನಾಲಿಗೆಯ ಹಿಂಬದಿ ನೋಡಿ. ಚರ್ಮ ಆದ್ರೆ ನಾರುನಾರಾಗಿ ಕಾಣ್ತದೆ, ರೆಗ್ಸಿನ್ ಆದ್ರೆ ಬಟ್ಟೆಯ ನೇಯ್ಗೆ ಕಾಣ್ತದೆ. ವಾಸನೆ ನಂಬಬೇಡಿ, ಅದನ್ನೂ ಹಾಕ್ತಾರೆ. ಕೆಲವು ಶೂಗಳ ಅಟ್ಟೆ ಅಥವಾ ಒಳಗಿನ ಚೀಟಿಯಲ್ಲಿ ಸಣ್ಣ ಚಿತ್ರ ಇರ್ತದೆ. ಹರಡಿದ ತೊಗಲಿನ ಆಕಾರ ಇದ್ರೆ ಚರ್ಮ, ಬರೀ ವಜ್ರದ ಆಕಾರ ಇದ್ರೆ ಬೇರೆ ವಸ್ತು.

2. ಮೇಲಿನದಕ್ಕಿಂತ ಅಟ್ಟೆ ಮುಖ್ಯ. ಪಿವಿಸಿ ಅಟ್ಟೆ ಗಟ್ಟಿ, ಅಗ್ಗ, ಆದ್ರೆ ಒದ್ದೆ ಟೈಲ್ಸ್ ಮೇಲೆ ಜಾರ್ತದೆ. ಪಿಯು ಅಟ್ಟೆ ಹಗುರ, ನಡೆಯೋಕೆ ಸುಖ. ಆದ್ರೆ ನಮ್ಮ ಕರಾವಳಿಯ ತೇವಕ್ಕೆ ಅದು ಒಳಗೊಳಗೇ ಕೊಳೀತದೆ. ಮದುವೆಗೆ ಅಂತ ಎತ್ತಿಟ್ಟ ಶೂ ಎರಡು ಮೂರು ವರ್ಷ ಬಿಟ್ಟು ಹಾಕಿದ್ರೆ ಅಟ್ಟೆ ಬ್ರೆಡ್ಡಿನ ಹಾಗೆ ಉದುರಿದ್ದು ನೋಡಿಲ್ವಾ? ಅದೇ ಇದು. ದಿನಾ ಹಾಕೋ ಶೂಗೆ ರಬ್ಬರ್ ಅಥವಾ ಟಿಪಿಆರ್ ಅಟ್ಟೆ ಕೇಳಿ ತಗೊಳ್ಳಿ. ಅಡಿಯಲ್ಲಿ ಗೆರೆಗಳು ಆಳವಾಗಿರಲಿ.

3. ಅಂಟೋ, ಹೊಲಿಗೆಯೋ ನೋಡಿ. ನಮ್ಮ ಕೈಗೆಟಕೋ ಬೆಲೆಯ ಶೂಗಳಲ್ಲಿ ಹೆಚ್ಚಿನವು ಗೋಂದಲ್ಲಿ ಅಂಟಿಸಿದವು. ಕೆಲವದರಲ್ಲಿ ಅಂಚಿಗೆ ಹೊಲಿಗೆ ಥರ ಅಚ್ಚು ಒತ್ತಿರ್ತಾರೆ, ಅದು ಬರೀ ತೋರಿಕೆ. ಹಾಗಂತ ಅಂಟಿಸಿದ ಶೂ ತಗೊಳ್ಳಲೇ ಬಾರದು ಅಂತಲ್ಲ. ಹೊಸತು ತಂದ ದಿನವೇ ಚಪ್ಪಲಿ ಹೊಲಿಯೋರ ಹತ್ರ ಹೋಗಿ, ಅಟ್ಟೆಗೆ ಸುತ್ತ ಗಟ್ಟಿ ದಾರದಲ್ಲಿ ಹೊಲಿಗೆ ಹಾಕಿಸಿ. ಬಾಯಿ ಬಿಟ್ಟ ಮೇಲೆ ಹಾಕಿಸೋದಲ್ಲ, ಬಿಡೋ ಮೊದಲು. ಅಟ್ಟೆ ತೀರಾ ಟೊಳ್ಳಾಗಿದ್ರೆ ಸೂಜಿ ನಿಲ್ಲೋದಿಲ್ಲ, ಅದನ್ನ ಅವರೇ ನೋಡಿ ಹೇಳ್ತಾರೆ. ಈ ಪೋಸ್ಟಿನಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

4. ಕಾಲಿಗೆ ತಕ್ಕ ಶೂ ತಗೊಳ್ಳಿ, ಶೂಗೆ ತಕ್ಕ ಕಾಲು ಮಾಡ್ಕೋಬೇಡಿ. ಬರಿಗಾಲಲ್ಲಿ ಬೆಳೆದ ನಮ್ಮ ಹುಡುಗರ ಪಾದ ಮುಂದೆ ಅಗಲ. ಚೂಪು ಮೂತಿಯ ಶೂ ಹಾಕಿದ್ರೆ ಕಿರುಬೆರಳು ಸಾಯ್ತದೆ. ಮೂತಿ ದುಂಡಗಿರೋ, ಲೇಸ್ ಕಟ್ಟೋ ಶೂ ತಗೊಳ್ಳಿ. ಲೇಸಿನ ಎರಡು ಪಟ್ಟಿ ಪೂರ್ತಿ ಬಿಚ್ಚಿಕೊಳ್ಳೋ ನಮೂನೆಗೆ ಡರ್ಬಿ ಅಂತಾರೆ, ಅಗಲ ಪಾದಕ್ಕೆ ಅದು ಹೊಂದ್ತದೆ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರ್ತದೆ. ಸಾಕ್ಸ್ ಹಾಕ್ಕೊಂಡು, ಎರಡೂ ಕಾಲಿಗೆ ಹಾಕಿ, ಅಂಗಡಿಯಲ್ಲಿ ಹತ್ತು ಹೆಜ್ಜೆ ನಡೀರಿ. ಉದ್ದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. "ಹಾಕ್ತಾ ಹಾಕ್ತಾ ಸಡಿಲ ಆಗ್ತದೆ" ಅಂದ್ರೆ ನಂಬಬೇಡಿ. ಅಂಗಡಿಯವನು ಮುಖ ಸಿಂಡರಿಸಿದ್ರೆ ಸಿಂಡರಿಸಲಿ, ದುಡ್ಡು ನಮ್ಮದು.

5. ಬೆಲೆ. 1,500ರಿಂದ 2,500ರೊಳಗೆ ಹುಡುಕಿದ್ರೆ ಚರ್ಮದ ಮೇಲ್ಭಾಗ, ಒಳ್ಳೆ ಅಟ್ಟೆ ಇರೋದು ಸಿಗ್ತದೆ. ನಾವು ಕೊನೆಗೆ ತಗೊಂಡದ್ದು 2,190ರದ್ದು. ಅವನ ತಿಂಗಳ ಸಂಬಳದ ಏಳರಲ್ಲಿ ಒಂದು ಪಾಲು. ಎದೆ ಢವಢವ ಅಂದದ್ದು ನಿಜ. ನಾವು ತಗೊಂಡಾಗ ಅದಕ್ಕೆ ಶೇ. 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಶೇ. 5 ಆಗಿದೆ. ಬಿಲ್ ಕೇಳಿ, ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ. ಬಿಲ್ ಇದ್ರೆ ಹಾಳಾದಾಗ ಕೇಳೋಕೂ ಬಾಯಿ ಇರ್ತದೆ.

ಲೆಕ್ಕ ಹೀಗೆ. 650ರ ಶೂ ನಾಲ್ಕು ತಿಂಗಳು ಬರ್ತದೆ ಅಂತ ಉದಾರವಾಗಿ ಹಿಡಿದ್ರೂ ವರ್ಷಕ್ಕೆ ಮೂರು ಜೋಡಿ, 1,950 ರೂಪಾಯಿ. 2,190ರ ಶೂಗೆ ಹೊಲಿಗೆ 120, ಪಾಲಿಶ್ ಬ್ರಷ್ 160, ಮುಂದೆ ಹಿಮ್ಮಡಿ ಬದಲಿಸೋಕೆ 200 ಸೇರಿಸಿದ್ರೆ 2,670. ಎರಡು ವರ್ಷ ಬಂದ್ರೆ ವರ್ಷಕ್ಕೆ 1,335. ಬಡವನಿಗೆ ಅಗ್ಗದ್ದೇ ದುಬಾರಿ. ಒಟ್ಟಿಗೆ 2,000 ಕೈಯಲ್ಲಿ ಇಲ್ಲದ ತಪ್ಪಿಗೆ ವರ್ಷಾ ವರ್ಷ ದಂಡ ಕಟ್ತೇವೆ ನಾವು.

6. ಮಳೆಗಾಲಕ್ಕೆ ಬೇರೆ ಉಪಾಯ. ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಬೀಳೋ ಊರಲ್ಲಿ ಯಾವ ಚರ್ಮವೂ ದಿನಾ ನೆನೆದು ಉಳಿಯೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳನಗದ್ದೆಯಿಂದ ರಬ್ಬರ್ ಚಪ್ಪಲಿಯಲ್ಲಿ ಹೋಗಿ, ಶೂ ಕಚೇರಿಯಲ್ಲೇ ಬಟ್ಟೆ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡೀತದೆ. ಹೊರಗೆ ತಿರುಗಾಟ ಇದ್ರೆ ಪೂರ್ತಿ ಅಚ್ಚಿನ ಕಪ್ಪು ಪ್ಲಾಸ್ಟಿಕ್ ಶೂ ಸಿಗ್ತವೆ, ಮುನ್ನೂರು ನಾನೂರಕ್ಕೆ. ದೂರದಿಂದ ಲೆದರ್ ಹಾಗೇ ಕಾಣ್ತದೆ. ಯಾರೂ ಬಗ್ಗಿ ನೋಡೋದಿಲ್ಲ.

7. ಶೂ ನೆನೆದ್ರೆ ಒಲೆ ಮುಂದೆ ಇಡಬೇಡಿ, ಚರ್ಮ ಬಿರೀತದೆ. ಒಳಗೆ ಹಳೇ ಪೇಪರ್ ತುಂಬಿ ಗಾಳಿಗೆ ಇಡಿ, ಪೇಪರ್ ಒದ್ದೆ ಆದಾಗ ಬದಲಿಸಿ. ತೆಂಗಿನೆಣ್ಣೆ ಹಚ್ಚೋದು ನಮ್ಮ ಕಡೆ ರೂಢಿ. ಹೆಚ್ಚಾದ್ರೆ ಚರ್ಮ ಮೆತ್ತಗಾಗಿ ಆಕಾರ ಕಳ್ಕೊಳ್ತದೆ. ಡಬ್ಬಿಯ ಮೇಣದ ಪಾಲಿಶ್ ವಾರಕ್ಕೊಮ್ಮೆ ಸಾಕು. ಬೂಷ್ಟು ಬಂದ್ರೆ ಒಣ ಬ್ರಷ್‌ನಲ್ಲಿ ತೆಗೆದು, ವಿನೆಗರ್ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಸಾಕ್ಸ್ ಹತ್ತಿಯದ್ದು, ದಿನಾ ತೊಳೆದದ್ದು. ಕೈಯಲ್ಲಿ ದುಡ್ಡಾದಾಗ ಇನ್ನೊಂದು ಜೋಡಿ ತಗೊಂಡು ದಿನ ಬಿಟ್ಟು ದಿನ ಹಾಕಿ, ಎರಡೂ ಹೆಚ್ಚು ಬಾಳ್ತವೆ.

ಹೆಣ್ಣುಮಕ್ಕಳ ಪಾದರಕ್ಷೆ ಬಗ್ಗೆ ನಾನು ಬರೆಯೋದಿಲ್ಲ, ನನಗೆ ಗೊತ್ತಿಲ್ಲ. ಆಸ್ಪತ್ರೆಯಲ್ಲಿ, ಅಂಗಡಿಯಲ್ಲಿ ಇಡೀ ದಿನ ನಿಂತು ಕೆಲಸ ಮಾಡೋ ನಮ್ಮ ತಂಗಿಯರು ಯಾರಾದ್ರೂ ಬರೀರಿ.

ಈಗ ಮುಖ್ಯ ವಿಷಯ.

ಹೊಸ ಶೂ ತಂದು ಆ ಅಣ್ಣನ ಎದುರು ಇಟ್ವಿ. ಸುತ್ತ ಹೊಲಿಗೆಗೆ 120 ಅಂದ್ರು. ಅಳಿಯ ತಕ್ಷಣ, "80 ಕೊಡ್ತೇನೆ" ಅಂದ. ಅಂಗಡಿಯಲ್ಲಿ ಎಸಿ ಗಾಳಿಯಲ್ಲಿ 2,190ಕ್ಕೆ ತುಟಿ ಬಿಚ್ಚದೆ ದುಡ್ಡು ಕೊಟ್ಟ ಹುಡುಗ, ನೆಲದ ಮೇಲೆ ಕೂತು ದಬ್ಬಳ ಹಿಡಿದವರ ಹತ್ರ 40 ರೂಪಾಯಿ ಚೌಕಾಸಿ ಮಾಡಿದ. ನಾನು ಬೈದೆ. ಬೈದ ಮೇಲೆ ನೆನಪಾಯ್ತು, ಹದಿನೈದು ವರ್ಷದಿಂದ ನಾನೂ ಕೊಡೆ ರಿಪೇರಿಗೆ ಅದನ್ನೇ ಮಾಡಿದ್ದೇನೆ.

ಹರಳಯ್ಯ ಕಲ್ಯಾಣಮ್ಮನ ಕಥೆ ನಮಗೆಲ್ಲ ಬಾಯಿಪಾಠ. ಬಸವಣ್ಣ ಶರಣಾರ್ಥಿ ಅಂದ ಋಣಕ್ಕೆ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿದ್ರು, ಬಸವಣ್ಣ ಅದನ್ನ ಕಾಲಿಗೆ ಹಾಕದೆ ತಲೆ ಮೇಲೆ ಇಟ್ಕೊಂಡ್ರು ಅಂತ. ಹನ್ನೆರಡನೇ ಶತಮಾನದ ಆ ಕಥೆ ಹೇಳಿ ಚಪ್ಪಾಳೆ ತಗೊಂಡಿದ್ದೇನೆ ನಾನು. ತೊಡೆಯ ಚರ್ಮ ಕೊಟ್ಟವರ ಭಕ್ತಿಯನ್ನ ಎಂಟುನೂರು ವರ್ಷದಿಂದ ಹೊಗಳ್ತೇವೆ. ಎದುರು ಕೂತು ಅಟ್ಟೆ ಹೊಲಿಯೋರು ಕೂಲಿ ಕೇಳಿದ್ರೆ ಕಡಿಮೆ ಮಾಡಿ ಅಂತೇವೆ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ನಮ್ಮ ಅಥಣಿಯ ಕುಶಲಕರ್ಮಿಗಳೂ ಅದರಲ್ಲಿದ್ದಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ವೇದಿಕೆಯಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ, ಎಲ್ಲಿಯದ್ದು ಅಂತ ಹೇಳದೆ ಹೋದಾಗ ನಾವೆಲ್ಲ ಕೋಪದಿಂದ ಪೋಸ್ಟ್ ಹಾಕಿದ್ವಿ. ಹಾಕಬೇಕಾದ್ದೇ. ಆದ್ರೆ ಮಿಲಾನ್‌ನವರು ಹೆಸರು ಹೇಳಲಿಲ್ಲ ಅನ್ನೋ ಮೊದಲು, ನಮ್ಮೂರ ಬಸ್‌ಸ್ಟ್ಯಾಂಡಿನ ಅಣ್ಣನ ಹೆಸರು ನನಗೆ ಗೊತ್ತಿತ್ತಾ? ಇರಲಿಲ್ಲ. ಆ ದಿನ ಕೇಳಿದೆ.

ಹಾಗಾಗಿ ನನ್ನ ಒತ್ತಾಯ ಮೂರು.

ಮೊದಲನೆಯದು ಕೆಲಸ ಕೊಡೋರಿಗೆ. ಶೂ ಕಡ್ಡಾಯ ಅಂತ ಬರೆದ್ರೆ ಶೂಗೆ ದುಡ್ಡೂ ಕೊಡಿ. ಕೇಂದ್ರ ಸರ್ಕಾರ ಸಮವಸ್ತ್ರದ ನೌಕರರಿಗೆ 2017ರಲ್ಲಿ ಶೂ ಭತ್ಯೆ, ತೊಳೆಯೋ ಭತ್ಯೆ ಎಲ್ಲ ಸೇರಿಸಿ ಡ್ರೆಸ್ ಭತ್ಯೆ ಅಂತ ಮಾಡಿದೆ. ಕೆಲಸಕ್ಕೆ ಬೇಕಾದ ಉಡುಪು ಕೆಲಸದ ಖರ್ಚು ಅನ್ನೋದು ಅಲ್ಲಿ ಒಪ್ಪಿದ ಮಾತು. 15,000 ಸಂಬಳದ ಖಾಸಗಿ ನೌಕರನಿಗೆ ಮಾತ್ರ ಅದು ಅವನ ಮರ್ಯಾದೆಯ ಪ್ರಶ್ನೆ ಆಗ್ತದೆ. ಮೊದಲ ತಿಂಗಳೇ ಶೂ ಭತ್ಯೆ ಕೊಡಿ. ಹರಿದ ಶೂ ನೋಡಿ ಸಂಬಳ ಕಟ್ ಮಾಡಿದ್ರೆ ಮುಂದಿನ ಶೂ ಎಲ್ಲಿಂದ ಬರಬೇಕು?

ಎರಡನೆಯದು ಸರ್ಕಾರಕ್ಕೆ. 1976ರಲ್ಲಿ ಶುರುವಾದ ನಮ್ಮದೇ ಲಿಡ್ಕರ್ ಇದೆ, ಈಗ ಬಾಬು ಜಗಜೀವನ ರಾಂ ಅವರ ಹೆಸರಿನ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ. ನಟ ಧನಂಜಯ 2023ರಲ್ಲಿ ಅದರ ರಾಯಭಾರಿ ಆದ್ರು, ಸಂತೋಷ. ಆದ್ರೆ ಮೊದಲ ಕೆಲಸಕ್ಕೆ ಸೇರೋ ಪರಿಶಿಷ್ಟ ಯುವಕ ಯುವತಿಯರಿಗೆ ನೇಮಕಾತಿ ಪತ್ರ ತೋರಿಸಿದ್ರೆ ಅರ್ಧ ಬೆಲೆಗೆ ಒಂದು ಜೋಡಿ ಶೂ ಕೊಡೋ ಯೋಜನೆ ಮಾಡಿ. ಹೊಲಿಯೋರೂ ನಮ್ಮವರು, ಹಾಕೋರೂ ನಮ್ಮವರು. ಶಾಲೆಯಲ್ಲಿ ಕೊಟ್ಟ ಶೂ ಹತ್ತನೇ ತರಗತಿಗೇ ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ.

ಮೂರನೆಯದು ನಮಗೆ. "ಲಿಡ್ಕರ್ ಅಂದ್ರೆ ಅವರದ್ದು, ಹಾಕಿದ್ರೆ ಫ್ರೆಂಡ್ಸ್ ನಗ್ತಾರೆ" ಅಂತ ಅಳಿಯ ಅಂದಿದ್ದ. ಅವರದ್ದು ಅನ್ನೋ ಮಾತು ಬಿಡುವ. ಜಾತಿ ಅಂದ್ರೆ ಬರೀ ಕೆಲಸ ಹಂಚಿದ್ದಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿದ್ದು ಅಂತ 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಹೇಳಿದ್ದಾರೆ. ಮುಕ್ರಿ, ಆಗೇರ, ಸಮಗಾರ, ಮಾದಿಗ, ಹೊಲೆಯ ಅಂತ ಸಭೆಯಲ್ಲಿ ಒಟ್ಟಿಗೆ ಕೂತು ಪೇಟೆಯಲ್ಲಿ ದೂರ ನಿಂತ್ರೆ ಆ ಪುಸ್ತಕ ಓದಿ ಏನು ಬಂತು? ಹೊಲಿಯೋರ ಎದುರು ನಿಂತು ಚಪ್ಪಲಿ ಎಸೆಯಬೇಡಿ, ಕೂತು ಕೈಗೆ ಕೊಡಿ. ಹೇಳಿದ ಕೂಲಿ ಕೊಡಿ. ಹೆಸರು ಕೇಳಿ.

ನಮ್ಮ ಸಂಘದಲ್ಲಿ ಮುಂದಿನ ಏಪ್ರಿಲ್ 14ಕ್ಕೆ ಒಂದು ಪ್ರಸ್ತಾಪ ಇಡ್ತಿದ್ದೇನೆ. ನನ್ನ ಮುಖ ಇರೋ ಫ್ಲೆಕ್ಸ್ ಬೇಡ, ಅತಿಥಿಗಳಿಗೆ ಶಾಲು, ಹಾರ, ಸ್ಮರಣಿಕೆ ಬೇಡ. ಆ ದುಡ್ಡಲ್ಲಿ ಆ ವರ್ಷ ಮೊದಲ ಕೆಲಸಕ್ಕೆ ಸೇರಿದ ನಮ್ಮ ಕೇರಿಗಳ ಮಕ್ಕಳಿಗೆ ಒಂದೊಂದು ಜೋಡಿ ಶೂ. ವೇದಿಕೆ ಮೇಲೆ ಕರೆದು ಕೊಡೋದೂ ಬೇಡ, ಮನೆಗೆ ಹೋಗಿ ಅಳತೆ ಕೇಳಿ ಕೊಡುವ. ಮೊದಲ 2,000 ನನ್ನದು. ಅಳಿಯ 500 ಹಾಕ್ತೇನೆ ಅಂದಿದ್ದಾನೆ.

ಅವನ ಶೂ ಈ ಮಳೆಗಾಲ ದಾಟಿತು. ಅಟ್ಟೆ ಬಿಟ್ಟಿಲ್ಲ. ಎಡಗಾಲಿನ ಹಿಮ್ಮಡಿ ಸ್ವಲ್ಪ ಸವೆದಿದೆ, ಅವನು ನಡೆಯೋದೇ ಹಾಗೆ. ಹೋದ ವಾರ ಬ್ಯಾಂಕಿನ ಕೆಲಸದ ಮೇಲೆ ನಮ್ಮ ಊರಿಗೇ ಬಂದಿದ್ದ. ಅಪ್ಪ ಚಪ್ಪಲಿ ಕಂಕುಳಲ್ಲಿ ಇಟ್ಕೊಂಡು ದಾಟ್ತಿದ್ದ ಅದೇ ಅಂಗಳದ ಮನೆಗೆ ಖಾತೆ ಮಾಡಿಸೋಕೆ ಹೋಗಬೇಕಿತ್ತು. "ಶೂ ಎಲ್ಲಿ ಬಿಟ್ಟೆ?" ಅಂತ ಕೇಳಿದೆ.

"ಮೆಟ್ಟಿಲ ಹತ್ರ ಬಿಟ್ಟೆ ಮಾವ. ಅವರ ಚಪ್ಪಲಿಗಳ ಸಾಲಿನಲ್ಲೇ."

ಜೈ ಭೀಮ್.